ಕಾರ್ಡಿನ ಮೇಲೆ ಹೊರಿಸಿದ ತಪ್ಪು

ಖಾನಾಪುರದ ಪತ್ತಿನ ಸೊಸೈಟಿಯ ಸರ್ವರಿನಲ್ಲಿ ನೆಟ್‌ವರ್ಕ್ ಕಾರ್ಡನ್ನು ನಡೆಸುವ ಹಳೆಯ ಡ್ರೈವರ್ ತಂತ್ರಾಂಶ ತೆಗೆದು ಹೊಸದನ್ನು ಹಾಕಬೇಕಿತ್ತು. ಅಲ್ಲಿಗೇ ಹೋಗಿ ಮಾಡೋಣವೆಂದು ಪೂರ್ಣಿಮಾ ಹೇಳಿದ್ದಕ್ಕೆ, ಅವಳ ಜೊತೆ ಬೆಳಗಾವಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುವ ಗಂಡ ಗೌರೀಶ ನಕ್ಕಿದ್ದ.

"ನಿನಗೇನ್ ತಿಳೀತದ? ಬೆಳಗಾವಿಯೊಳಗ ಕುಂತಲ್ಲೇ ಮಾಡ್ತೀನಿ."

ಕುಳಿತಲ್ಲೇ ಮಾಡಿದ. ಹಳೆಯ ಡ್ರೈವರ್ ಹೋದೊಡನೆ ಸರ್ವರಿನ ನೆಟ್‌ವರ್ಕೂ ಹೋಯಿತು. ಯಾವ ದಾರಿಯಿಂದ ಒಳಹೊಕ್ಕಿದ್ದನೋ ಅದನ್ನೇ ಆ ಮಹಾಶಯ ಕಿತ್ತುಹಾಕಿದ್ದ. ಹೊಸ ಡ್ರೈವರನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿದವಳು ಪೂರ್ಣಿಮಾ.

ಕೆಲಸ ಮುಗಿಯುವ ಹೊತ್ತಿಗೆ ಗೌರೀಶನ ಫೋನ್ ಬಂತು.

"ಕಾರ್ಡ್ ಸುಟ್ಟಿತ್ತು ಅಂತ ಹೇಳು. ನನ್ನ ಮರ್ಯಾದಿ ಪ್ರಶ್ನೆ ಐತಿ."

ಆ ಮರ್ಯಾದೆಗೆ ಮದುವೆಯಾದಂದಿನಿಂದ ತೇಪೆ ಹಚ್ಚುತ್ತ ಬಂದವಳು ಅವಳೇ. ಕೆಟ್ಟದ್ದೆಲ್ಲ ಯಂತ್ರದ ತಪ್ಪು, ಸರಿಹೋದದ್ದೆಲ್ಲ ಗೌರೀಶನ ಜಾಣತನ.

ಮುಂಜಾನೆಯಿಂದ ಗ್ರಾಹಕರ ಬೈಗುಳ ತಿಂದಿದ್ದ ಮ್ಯಾನೇಜರ್ ರಾಯಪ್ಪ ಬಂದು ಕೇಳಿದ, "ಏನಾಗಿತ್ರೀ ವೈನಿ? ಕಾರ್ಡ್ ಸುಟ್ಟೈತಿ ಅಂದ್ರು ಸಾಹೇಬ್ರು."

"ಕಾರ್ಡ್ ಗಟ್ಟಿಮುಟ್ಟ ಐತ್ರಿ. ಸಾಹೇಬ್ರು ಅಲ್ಲಿಂದನ ಡ್ರೈವರ್ ತಗದ್ರು. ತಿರುಗಿ ಹಾಕಾಕ ಅವರಿಗೆ ಒಳಗ ಬರಾಕ ಆಗಲಿಲ್ಲ."

ರಾಯಪ್ಪ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. "ಹಂಗಾರ ಇನ್ನ ಮ್ಯಾಲೆ ಯಾರಿಗೆ ಫೋನ್ ಹಚ್ಚೂಣ್ರಿ?"

"ನನಗ ಹಚ್ರಿ," ಎಂದು ಪೂರ್ಣಿಮಾ ತನ್ನ ನಂಬರ್ ಕೊಟ್ಟಳು.