ಗಿಳಿಗೆ ಗುರುತಾದ ಕೈ

ನೂಲಿಗೆ ಬಣ್ಣ ಕಟ್ಟುವ ಕಾರ್ಖಾನೆಯಲ್ಲಿ ನಾನು ನಲವತ್ತೊಂದು ವರ್ಷ ದುಡಿದೆ. ಒಗೆದರೂ, ಬಿಸಿಲಿಗೆ ಹಾಕಿದರೂ ಮಾಸದಂಥ ಕೆಂಪನ್ನು ಅಲ್ಲಿ ಮೊದಲು ತೆಗೆದವನು ನಾನೇ ಎಂದು ಹಳೆಯ ಜೊತೆಗಾರರು ಇಂದಿಗೂ ಹೇಳುವುದುಂಟು. ಹೇಳಲಿ, ಸುಳ್ಳೇನಲ್ಲ. ಆದರೆ ನನ್ನ ಜೀವಮಾನದ ಸಾಧನೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಕೆಂಪಿನ ಮಾತೆತ್ತುವುದಿಲ್ಲ. ನನಗೆ ಮೂವತ್ತನಾಲ್ಕು ವರ್ಷವಾಗಿದ್ದಾಗ, ಮನುಷ್ಯರ ಕೈ ಕಂಡರೆ ಸಾಕು ಕಿರುಚಿ ರಂಪ ಮಾಡುತ್ತಿದ್ದ ಒಂದು ಗಿಳಿ, ಎಪ್ಪತ್ತೆರಡನೆಯ ದಿನ, ತೆರೆದಿಟ್ಟ ಪಂಜರದಿಂದ ತಾನಾಗಿ ಹೊರಬಂದು ನನ್ನ ತೋರುಬೆರಳಿನ ಮೇಲೆ ಕುಳಿತಿತು. ನಾನು ಹೆಮ್ಮೆಪಡುವುದು ಅದೊಂದಕ್ಕೆ.

ಗಿಳಿ ಸಾಕುವ ಹುಚ್ಚು ನನಗೆ ಎಂದೂ ಇದ್ದುದಲ್ಲ. ಅದು ಬೇಕಾದದ್ದು ಮಗಳಿಗಾಗಿ. ಅವಳು ಎಂಟು ತಿಂಗಳ ಕೂಸಾಗಿದ್ದಾಗ ನನ್ನ ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ಬೆಳಗಿನಿಂದ ಸಂಜೆಯವರೆಗೆ ಬಣ್ಣದ ತೊಟ್ಟಿಯ ಮುಂದೆ ನಿಲ್ಲುವವನು ಕೂಸನ್ನು ನೋಡಿಕೊಳ್ಳುವುದೆಂತು ಎಂದು ಅತ್ತೆ ಅವಳನ್ನು ತಮ್ಮ ಮನೆಗೆ ಒಯ್ದರು. ಸ್ವಲ್ಪ ದೊಡ್ಡವಳಾಗುವವರೆಗೆ ಎಂದದ್ದು ಏಳು ವರ್ಷವಾಯಿತು. ಪ್ರತಿ ಭಾನುವಾರ ಒಂದೂವರೆ ಗಂಟೆ ಬಸ್ಸಿನಲ್ಲಿ ಕುಳಿತು ನಾನು ಅವಳನ್ನು ನೋಡಲು ಹೋಗುತ್ತಿದ್ದೆ. ಅವಳು ಅಜ್ಜಿಯ ಕುರ್ಚಿಯ ಹಿಂದೆ ನಿಂತು, ಶಾಲೆಗೆ ಬಂದ ಇನ್‌ಸ್ಪೆಕ್ಟರಿಗೆ ಉತ್ತರ ಕೊಡುವಂತೆ ನನಗೆ ಉತ್ತರ ಕೊಡುತ್ತಿದ್ದಳು. ಊಟ ಆಯಿತು, ಓದು ಆಯಿತು, ಹೌದು, ಇಲ್ಲ. ಕೂಸಾಗಿದ್ದಾಗ ನಾನು ಎತ್ತಿಕೊಳ್ಳಲು ಕೈ ಚಾಚಿದರೆ ಉಸಿರು ಕಟ್ಟುವಂತೆ ಅಳುತ್ತಿದ್ದಳು. ಯಾವಾಗಲೋ ನಾನು ಕೈ ಚಾಚುವುದನ್ನೇ ಬಿಟ್ಟಿದ್ದೆ.

ಒಂದು ಭಾನುವಾರ ಮಾತಿಗೆ ಮಾತು ಸಿಗದೆ, ನಮ್ಮ ಬೀದಿಯ ಹಲ್ಲಿನ ಡಾಕ್ಟರು ತಮ್ಮ ಗಿಳಿಯನ್ನು ಯಾರಿಗಾದರೂ ಕೊಟ್ಟುಬಿಡುತ್ತಾರಂತೆ ಎಂದೆ. ಕುರ್ಚಿಯ ಹಿಂದಿನಿಂದ, ಆ ಏಳು ವರ್ಷಗಳಲ್ಲಿ ಮೊದಲ ಬಾರಿಗೆ, ಅವಳಾಗಿ ಒಂದು ಪ್ರಶ್ನೆ ಕೇಳಿದಳು.

"ಕೈಮೇಲೆ ಕೂರುತ್ತಾ?"

"ಕೂರುತ್ತೆ," ಎಂದೆ. ಹಸಿ ಸುಳ್ಳು.

"ನಿಮ್ಮನೇಲಿ ಕೈಮೇಲೆ ಕೂತ್ರೆ ನಾನು ನೋಡೋಕೆ ಬರ್ತೀನಿ."

ಅತ್ತೆ ಹೆಣೆಯುತ್ತಿದ್ದ ಸ್ವೆಟರನ್ನು ಮಡಿಲಿಗಿಳಿಸಿದರು. "ರಜೆಗೆ ಕರ್ಕೊಂಡು ಬರ್ತೀನಿ. ಇದ್ದು ನೋಡ್ಲಿ. ಅಲ್ಲೇ ಇರ್ತೀನಿ ಅಂತ ತಾನಾಗಿ ಅಂದ್ರೆ ನಾನು ಅಡ್ಡ ಬರೋಳಲ್ಲ. ಆದ್ರೆ ಎಳ್ಕೊಂಡು ಹೋಗೋ ಮಾತು ಬೇಡ, ನೋಡಿ."

ರಜೆಗೆ ಹನ್ನೊಂದು ವಾರವಿತ್ತು.

ಹಲ್ಲಿನ ಡಾಕ್ಟರು ಪಂಜರವನ್ನು ಎಷ್ಟು ಉತ್ಸಾಹದಿಂದ ಕೊಟ್ಟರೆಂದರೆ ನನಗೆ ಆಗಲೇ ಅನುಮಾನ ಬರಬೇಕಿತ್ತು. ರೋಗಿಗಳು ಕಾಯುವ ಕೋಣೆಯಲ್ಲಿದ್ದ ಆ ಗಿಳಿ ಮನುಷ್ಯರ ಮಾತೊಂದನ್ನೂ ಕಲಿತಿರಲಿಲ್ಲ. ಹಲ್ಲು ಕೊರೆಯುವ ಯಂತ್ರದ ಸದ್ದನ್ನು ಮಾತ್ರ ಚಾಚೂ ತಪ್ಪದೆ ಕಲಿತಿತ್ತು. ಅದನ್ನು ಕೇಳಿ ಕುಳಿತವರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಜಾಗ ಖಾಲಿ ಮಾಡುತ್ತಿದ್ದರಂತೆ. ಇನ್ನು ಡಾಕ್ಟರು ತಿಂಗಳಿಗೊಮ್ಮೆ ಅದನ್ನು ಟವೆಲಿನಲ್ಲಿ ಸುತ್ತಿ ಹಿಡಿದು ಉಗುರನ್ನೂ ಕೊಕ್ಕನ್ನೂ ಉಜ್ಜುತ್ತಿದ್ದರು. ಹೀಗಾಗಿ ಕೈ ಎಂಬುದು ಅದರ ಪಾಲಿಗೆ ಯಮನ ರೂಪವೇ ಆಗಿತ್ತು.

"ಗಿಳಿ ತಂದಿದ್ದೀಯಂತೆ. ಮಾತಾಡುತ್ತೇನಯ್ಯಾ?" ಎಂದು ಕಾರ್ಖಾನೆಯಲ್ಲಿ ಮೇಸ್ತ್ರಿ ಕೇಳಿದ.

"ಇಲ್ಲ ಮೇಸ್ತ್ರಿ, ಹಲ್ಲು ಕೊರೆಯುತ್ತೆ."

ಅಡುಗೆಮನೆಗೂ ನಡುಮನೆಗೂ ನಡುವೆ ಕಿಟಕಿಯಿದ್ದ ಮೂಲೆಯಲ್ಲಿ, ನನ್ನ ಎದೆಯ ಮಟ್ಟಕ್ಕೆ ಪಂಜರವನ್ನಿಟ್ಟೆ. ಕೆಲಸದಿಂದ ಬಂದವನು ಮೊದಲ ವಾರ ಅದರತ್ತ ನೋಡದೆ, ಕೋಣೆಯ ಆ ತುದಿಯಲ್ಲಿ ಪತ್ರಿಕೆ ಹಿಡಿದು ಕುಳಿತುಕೊಳ್ಳುತ್ತಿದ್ದೆ. ದಿನಕ್ಕೊಂದು ನೆಲಹಾಸಿನ ಕಲ್ಲಿನಷ್ಟು ಕುರ್ಚಿಯನ್ನು ಹತ್ತಿರ ಸರಿಸಿದೆ. ಕುರ್ಚಿ ಪಂಜರವನ್ನು ಮುಟ್ಟಿದ ಮೇಲೆ, ಉದ್ದ ಹಿಡಿಯ ಮರದ ಚಮಚದಲ್ಲಿ ಸೂರ್ಯಕಾಂತಿ ಬೀಜವಿಟ್ಟು ಸರಳುಗಳ ನಡುವೆ ಚಾಚಿದೆ. ಒಂದು ದಿನ ಕತ್ತು ವಾಲಿಸಿ, ಬಹಳ ವಿಚಾರಮಾಡಿ, ಬೀಜವನ್ನು ತೆಗೆದುಕೊಂಡಿತು. ಮರುದಿನ ಅದೇ ಚಮಚ, ಅದೇ ಬೀಜ. ಪಂಜರ ಉರುಳುವಂತೆ ರೆಕ್ಕೆ ಬಡಿದು ಕಿರುಚಿತು. ಮೂರನೆಯ ದಿನ ಮತ್ತೆ ಬಂತು. ನಾಲ್ಕನೆಯ ದಿನ ಸರಳಿಗೆ ತಾಗಿದ್ದ ಬೆರಳು ಕಚ್ಚಿ ರಕ್ತ ತೆಗೆಯಿತು. ಎರಡು ವಾರ ಹೀಗೆಯೇ ನಡೆಯಿತು. ಇಂದು ಕಟ್ಟಿದ್ದು ನಾಳೆ ಕುಸಿಯುತ್ತಿತ್ತು. ನೂಲು ಹಟ ಹಿಡಿದರೆ ಅದರ ಕಾರಣವನ್ನು ಮೂಸಿ ನೋಡಿಯೇ ಹೇಳಬಲ್ಲವನಿಗೆ, ಹಿಡಿಯಷ್ಟು ಗಾತ್ರದ ಆ ಜೀವದ ಹಟ ಅರ್ಥವಾಗಲಿಲ್ಲ.

ಐದನೆಯ ಭಾನುವಾರ ಮಗಳಿಗೆ ನಿಜ ಹೇಳಿಬಿಟ್ಟೆ. ಒಂದು ದಿನ ಬರುತ್ತದೆ, ಒಂದು ದಿನ ಕಚ್ಚುತ್ತದೆ, ಏಕೆಂದು ತಿಳಿಯದು ಎಂದೆ. ಅವಳು ಕುರ್ಚಿಯ ಹಿಂದಿನಿಂದಲೇ ನನ್ನ ಮಂಡಿಯ ಮೇಲಿದ್ದ ಕೈಗಳನ್ನು ನೋಡುತ್ತಿದ್ದಳು.

"ಅದಕ್ಕೆ ನಿಮ್ಮ ಗುರುತು ಸಿಗಲ್ಲ," ಎಂದಳು.

"ದಿನಾ ನೋಡುತ್ತಲ್ಲಮ್ಮಾ."

"ಹೋದ ವಾರ ನಿಮ್ಮ ಕೈ ಹಸಿರಿತ್ತು. ಅದಕ್ಕಿಂತ ಮುಂಚೆ ಕೆಂಪು. ಇವತ್ತು ನೀಲಿ. ಅದು ದಿನಾ ಬೇರೆ ಬೇರೆಯವರು ಬರ್ತಾರೆ ಅಂದ್ಕೊಂಡಿರುತ್ತೆ." ಸ್ವಲ್ಪ ತಡೆದು, ಲೆಕ್ಕದ ಉತ್ತರ ಹೇಳುವಷ್ಟೇ ಸಹಜವಾಗಿ ಸೇರಿಸಿದಳು: "ನಾನೂ ಚಿಕ್ಕವಳಿದ್ದಾಗ ಹಾಗೇ ಅಂದ್ಕೊಳ್ತಿದ್ದೆ."

ನಾನು ನನ್ನ ಕೈಗಳನ್ನು ನೋಡಿಕೊಂಡೆ. ನಮಗೆ ಕೈಗವಸು ಕೊಟ್ಟಿರಲಿಲ್ಲವೆಂದಲ್ಲ. ಅದನ್ನು ತೊಟ್ಟರೆ ನೂಲಿನ ಹದ ಬೆರಳಿಗೆ ತಿಳಿಯದೆಂದು ನಾವು ಯಾರೂ ತೊಡುತ್ತಿರಲಿಲ್ಲ. ಹದಿನೈದು ವರ್ಷ ಬಣ್ಣ ಮೆತ್ತಿಕೊಂಡೇ ಇದ್ದವನಿಗೆ ತನ್ನ ಕೈಗೊಂದು ಬಣ್ಣವಿದೆ ಎಂಬುದೇ ಮರೆತುಹೋಗಿತ್ತು. ಆ ಕೈಗಳನ್ನು ಚಾಚಿ ನಾನು ಕೂಸಿನ ತೊಟ್ಟಿಲ ಮೇಲೆ ಎಷ್ಟು ಬಾರಿ ಬಗ್ಗಿದ್ದೆನೋ, ಪ್ರತಿ ಬಾರಿಯೂ ಹೊಸಬನಾಗಿ.

ಸೋಮವಾರ ಮೇಸ್ತ್ರಿಯ ಬಳಿ ಹೋಗಿ, ಇನ್ನು ಮೇಲೆ ನನಗೆ ನೀಲಿಯ ತೊಟ್ಟಿಯೊಂದನ್ನೇ ಕೊಡಬೇಕೆಂದು ಕೇಳಿದೆ. ನೀಲಿಯ ತೊಟ್ಟಿ ಎಂದರೆ ಕೊಳೆತ ಸೊಪ್ಪಿನ ನಾತ; ಅಲ್ಲಿಂದ ಬಿಡಿಸಿಕೊಳ್ಳಲು ಜನ ಕಾಲು ಹಿಡಿಯುತ್ತಿದ್ದರು.

"ತಲೆ ನೆಟ್ಟಗಿದೆಯಾ? ನಿನ್ನ ಕೆಂಪನ್ನ ಯಾರು ನೋಡ್ಕೊಳ್ಳೋದು?"

"ಯಾರಿಗಾದ್ರೂ ಕಲಿಸ್ತೀನಿ."

"ಗಿಳಿಗೋಸ್ಕರ ಕೆಂಪು ಬಿಡ್ತೀಯಾ? ನಾಳೆ ಅದು ಕಾರ್ಖಾನೆ ಬಿಡು ಅಂದ್ರೆ?"

"ಅದಕ್ಕೆ ಮಾತು ಬರೋದಿಲ್ಲ ಮೇಸ್ತ್ರಿ."

ಅವನು ನಕ್ಕು ಒಪ್ಪಿದ. ನಾನು ನಗಲಿಲ್ಲ. ಕೆಂಪಿನ ಪಾಕವನ್ನು ಬರೆದಿಟ್ಟಿದ್ದ ಪುಸ್ತಕವನ್ನು ಇನ್ನೊಬ್ಬನ ಕೈಗಿಟ್ಟ ದಿನ ಊಟದ ಡಬ್ಬಿಯನ್ನು ಬಿಚ್ಚದೆಯೇ ಮನೆಗೆ ತಂದೆ.

ನೀಲಿ ಕೈಯನ್ನು ಗಿಳಿ ವಾರದೊಳಗೆ ಸಹಿಸಿಕೊಂಡಿತು. ಮೂರನೆಯ ವಾರದಲ್ಲಿ ಚಮಚವನ್ನು ಬಿಟ್ಟು ಬೆರಳ ತುದಿಯಿಂದಲೇ ಬೀಜ ತೆಗೆದುಕೊಂಡಿತು. ಆಮೇಲೆ ಪಂಜರದ ಬಾಗಿಲು ತೆರೆದಿಟ್ಟು, ಬೆರಳನ್ನು ಹೊಸ್ತಿಲಿಗೆ ಅಡ್ಡಲಾಗಿ ಹಿಡಿದು ಸುಮ್ಮನೆ ಕುಳಿತುಕೊಳ್ಳತೊಡಗಿದೆ. ತೋಳು ಜೋಮು ಹಿಡಿಯುತ್ತಿತ್ತು. ಎಪ್ಪತ್ತೆರಡನೆಯ ದಿನದ ಸಂಜೆ, ಅದು ಬೆರಳನ್ನು ಕೊಕ್ಕಿನಿಂದ ಮೆಲ್ಲಗೆ ಹಿಡಿದು, ಏಣಿಯ ಮೆಟ್ಟಿಲು ಗಟ್ಟಿಯಿದೆಯೇ ಎಂದು ನೋಡುವವನಂತೆ ಅದುಮಿ ನೋಡಿತು. ಬಳಿಕ ಒಂದು ಕಾಲು. ಬಹಳ ಹೊತ್ತಿನ ಮೇಲೆ ಇನ್ನೊಂದು. ಅಷ್ಟು ಹಗುರವಾದ ಭಾರವನ್ನು ನಾನು ಮೊದಲೆಂದೂ ಹೊತ್ತಿರಲಿಲ್ಲ. ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಭಾನುವಾರ ಬರಲು ಇನ್ನೂ ನಾಲ್ಕು ದಿನವಿತ್ತು.

ರಜೆ ಬಂತು. ಅತ್ತೆ ಒಂದು ಪೆಟ್ಟಿಗೆ, ಹೆಣಿಗೆಯ ಚೀಲ ಮತ್ತು ಮಗಳೊಂದಿಗೆ ಬಂದಿಳಿದರು. ಗಿಳಿ ನನ್ನ ಬೆರಳೇರಿದ್ದನ್ನು ಕಂಡು ಮಗಳ ಕಣ್ಣು ಅರಳಿತು. ನಾನು ಕಲಿಸಿದಂತೆಯೇ ತಾನೂ ಬೆರಳು ಚಾಚಿದಳು. ಗಿಳಿ ಆ ಶುಭ್ರವಾದ, ಬಣ್ಣ ತಾಗದ ಪುಟ್ಟ ಕೈಯನ್ನು ನೋಡಿದ್ದೇ ತಡ, ಪಂಜರದೊಳಕ್ಕೆ ಹಾರಿ, ಹಿಂಬದಿಗೆ ಅಂಟಿಕೊಂಡು ಹಲ್ಲು ಕೊರೆಯುವ ಸದ್ದನ್ನು ಮಾಡತೊಡಗಿತು. ಮರುದಿನವೂ ಹಾಗೆಯೇ. ಮೂರನೆಯ ದಿನ ಅವಳು ಪಂಜರದ ಹತ್ತಿರ ಹೋಗಲಿಲ್ಲ.

"ಅಜ್ಜಿ, ಊರಿಗೆ ಯಾವಾಗ ಹೋಗೋದು?" ಎಂದು ಕೇಳಿದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು.

ತಪ್ಪು ನನ್ನದೇ. ನಾನು ಅದನ್ನು ಕೈಗೆ ಪಳಗಿಸಿರಲಿಲ್ಲ. ನನ್ನೊಬ್ಬನ ನೀಲಿಗೆ ಪಳಗಿಸಿದ್ದೆ. ಉಪಾಯ ನನಗೆ ಹೊಳೆಯದೆ ಇರಲಿಲ್ಲ. ಆದರೆ ಯಾವ ಬಣ್ಣವನ್ನು ಕಂಡು ಅವಳು ತೊಟ್ಟಿಲಲ್ಲಿ ಚೀರಿದ್ದಳೋ ಅದನ್ನೇ ಅವಳ ಕೈಗೆ ಹಚ್ಚೋಣವೇ ಎಂದು ಕೇಳಲು ನಾಲಿಗೆ ಏಳಲಿಲ್ಲ. ನಾನು ಪಾತ್ರೆ ತೊಳೆದೆ.

ಅವಳೇ ಬಂದು ಬಾಗಿಲಲ್ಲಿ ನಿಂತಳು. "ನನ್ನ ಕೈಗೂ ಬಣ್ಣ ಹಾಕಿ."

"ಹದಿನೈದು ದಿನ ಹೋಗಲ್ಲಮ್ಮಾ."

"ಸ್ಕೂಲಿಗೆ ಹೋಗೋ ಕೈ ಅದು," ಎಂದು ಅತ್ತೆ ಒಳಗಿನಿಂದ ಎಚ್ಚರಿಸಿದರು. ಹೆಣಿಗೆಯ ಒಂದು ಸಾಲು ಮುಗಿಸಿ ಅವರೇ ಸೇರಿಸಿದರು. "ಹಾಕೋದಾದ್ರೆ ಎಡಗೈಗೆ ಹಾಕಿ. ಬರೆಯೋ ಕೈಗೆ ಬೇಡ. ಟೀಚರಿಗೆ ನಾನೇ ಏನಾದ್ರೂ ಹೇಳ್ಕೊಳ್ತೀನಿ."

ಮರುದಿನ ಭಾನುವಾರ. ಕಾರ್ಖಾನೆಗೆ ರಜೆ. ಆದರೆ ನೀಲಿಯ ತೊಟ್ಟಿಯನ್ನು ರಜೆಯೆಂದು ಬಿಡುವಂತಿಲ್ಲ. ಬೆಚ್ಚಗಿಟ್ಟು, ಕಲಕಿ, ಕೂಸಿನಂತೆ ನೋಡಿಕೊಳ್ಳಬೇಕು. ಹಾಗಾಗಿ ಬೀಗದಕೈ ನನ್ನ ಬಳಿಯಿತ್ತು. ಅವಳು ಮೂಗು ಮುಚ್ಚಿಕೊಂಡು ಖಾಲಿ ಶೆಡ್ಡಿನಲ್ಲಿ ನನ್ನ ಹಿಂದೆಯೇ ನಡೆದಳು. ಒಣಹಾಕಿದ ನೂಲಿನ ಲಡಿಗಳ ಸಾಲನ್ನು ನೋಡಿ, "ಇಷ್ಟೂ ನೀವೇ ಮಾಡಿದ್ದಾ?" ಎಂದಳು. ಹೌದೆಂದೆ. ತೊಟ್ಟಿಯ ಅಂಚಿಗೆ ಸ್ಟೂಲಿಟ್ಟು ಅವಳನ್ನು ಹತ್ತಿಸಿದೆ. ಮಣಿಕಟ್ಟು ಹಿಡಿದುಕೊಳ್ಳಲೇ ಎಂದು ಕೇಳಿದೆ. ತಲೆಯಾಡಿಸಿದಳು. ಹಿಡಿದು, ಮುಳುಗಿಸಿ, ಹತ್ತು ಎಣಿಸಿ, ಮೇಲೆತ್ತಿದೆ.

"ಇದು ನೀಲಿ ಅಲ್ಲ," ಎಂದಳು. ಕೈ ಎಳೆ ಹಸಿರಾಗಿತ್ತು, ಗಿಳಿಯ ಕತ್ತಿನಂತೆ.

"ಗಾಳಿಗೆ ಹಿಡಿ. ನೋಡ್ತಾ ಇರು."

ಅವಳು ಕೈಯನ್ನು ಮುಖದ ಮುಂದೆ ಹಿಡಿದು ನಿಂತಳು. ಬೆರಳ ತುದಿಗಳಿಂದ ಹಸಿರು ಹಿಂದೆ ಸರಿಯುತ್ತ, ನೀಲಿ ಮೆಲ್ಲನೆ ಏರುತ್ತ ಬಂತು. ಹದಿನೈದು ವರ್ಷದಲ್ಲಿ ಸಾವಿರಾರು ಲಡಿ ಹೀಗೆ ಬಣ್ಣ ತಿರುಗಿದ್ದನ್ನು ಕಂಡಿದ್ದೆ. ಆ ದಿನ ಕಣ್ಣು ತುಂಬಿ ಸರಿಯಾಗಿ ಕಾಣಲಿಲ್ಲ.

ಮನೆಗೆ ಬಂದು ಕೈ ತೊಳೆಸಿ, ಒರೆಸಿ, ಪಂಜರದ ಮುಂದೆ ಕೂರಿಸಿದೆ. ನಾನು ಅವಳ ಹಿಂದೆ ಮೊಣಕಾಲೂರಿ ಕುಳಿತೆ. ಅವಳು ಎಡಗೈಯ ತೋರುಬೆರಳನ್ನು ಹೊಸ್ತಿಲಿಗೆ ಅಡ್ಡಲಾಗಿ ಹಿಡಿದಳು. ಗಿಳಿ ಕತ್ತು ವಾಲಿಸಿತು. ಗೋಡೆಯ ಗಡಿಯಾರದಲ್ಲಿ ಕಾಲು ಗಂಟೆ ಸರಿಯಿತು. ಅವಳ ತೋಳು ನಡುಗತೊಡಗಿದಾಗ ನಾನು ಮೊಣಕೈಗೆ ಆಸರೆ ಕೊಡಲು ಹೋದೆ.

"ಅಲ್ಲಾಡಬೇಡ ಅಪ್ಪ," ಎಂದು ಪಿಸುಗುಟ್ಟಿದಳು. "ಬರ್ತಾ ಇದೆ."

ಬಂತು. ಕೊಕ್ಕಿನಿಂದ ಅದುಮಿ ನೋಡಿತು, ಒಂದು ಕಾಲಿಟ್ಟಿತು, ಇನ್ನೊಂದನ್ನೂ ಇಟ್ಟಿತು. ಅವಳು ನಗಲೂ ಇಲ್ಲ, ಉಸಿರಾಡಲೂ ಇಲ್ಲ. ನಿಧಾನವಾಗಿ ಬೆನ್ನನ್ನು ನನ್ನ ಎದೆಗೆ ಒರಗಿಸಿದಳು.

ಉಳಿದ ದಿನಗಳು ಹೇಗೆ ಕಳೆದವೋ ತಿಳಿಯದು. ಹೊರಡುವ ಮುಂಜಾನೆ ಅತ್ತೆ ಪೆಟ್ಟಿಗೆಗೆ ಬಟ್ಟೆ ತುಂಬುತ್ತ ಮೆಲ್ಲಗೆ ಕೇಳಿದರು. "ಇಲ್ಲೇ ಇರ್ತೀಯಾ ಅಂತ ಕೇಳಿದ್ರಾ?"

"ಇಲ್ಲ ಅತ್ತೆ. ಕೇಳಿದ್ರೆ ಅವಳು ಉತ್ತರ ಕೊಡಬೇಕಾಗುತ್ತೆ."

ಬಸ್ ನಿಲ್ದಾಣದಲ್ಲಿ ಅತ್ತೆ ಮುಂಚೆಯೇ ಹತ್ತಿ ಕಿಟಕಿಯ ಪಕ್ಕ ಕುಳಿತು ಹೆಣಿಗೆ ಕೈಗೆತ್ತಿಕೊಂಡರು. ನಾವಿಬ್ಬರೂ ಬೆಂಚಿನ ಮೇಲೆ ಕುಳಿತಿದ್ದೆವು. ಅವಳ ನೀಲಿ ಕೈ ಅವಳ ಮಡಿಲಲ್ಲಿತ್ತು. ದಾರಿಹೋಕರು ನೋಡುತ್ತಿದ್ದರು. ಅವಳು ಅದನ್ನು ಮುಚ್ಚಿಕೊಳ್ಳಲಿಲ್ಲ.

"ನಾನು ಇಲ್ಲೇ ಇದ್ದುಬಿಟ್ರೆ ಅಜ್ಜಿ ಒಬ್ಬರೇ ಆಗ್ತಾರೆ," ಎಂದಳು, ನಾನು ಕೇಳದಿದ್ದರೂ.

"ಹೌದಮ್ಮಾ."

"ನಿನಗೆ ಗಿಳಿ ಇದೆ."

"ಇದೆ."

"ಈ ಬಣ್ಣ ಯಾವಾಗ ಹೋಗುತ್ತೆ?"

"ಚರ್ಮದ್ದು ಬೇಗ ಹೋಗುತ್ತೆ. ಉಗುರಿಂದು ಉಗುರು ಬೆಳೆದ ಹಾಗೆ. ಮೂರು ತಿಂಗಳಾಗಬಹುದು."

ಬೆರಳು ಮಡಿಸಿ ಏನೋ ಎಣಿಸಿದಳು. "ಅಷ್ಟೊತ್ತಿಗೆ ಮತ್ತೆ ರಜೆ ಬರುತ್ತೆ. ಮತ್ತೆ ಹಾಕಿಸ್ಕೊಳ್ತೀನಿ."

ಮೂರು ತಿಂಗಳು ಎಷ್ಟು ಭಾನುವಾರ ಎಂದು ನಾನು ಎಣಿಸಲು ಹೋಗಲಿಲ್ಲ. ಚಾಲಕ ಹತ್ತಿ ಕುಳಿತ. ಎಂಜಿನ್ ಇನ್ನೂ ಶುರುವಾಗಿರಲಿಲ್ಲ. ಅವಳು ಬಸ್ಸಿನ ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು, ಬೆಂಚಿನಿಂದ ಏಳಲಿಲ್ಲ.

"ಅಪ್ಪ, ಅದು ಮೊದಲನೇ ಸಲ ನಿನ್ನ ಕೈಮೇಲೆ ಬಂತಲ್ಲ, ಅದನ್ನ ಇನ್ನೊಂದ್ಸಲ ಹೇಳು. ಚಮಚದಿಂದ ಶುರು ಮಾಡು."