ಮೂರನೇ ಜನ್ಮ

ಇನ್ನೂರ ಹನ್ನೆರಡು, ಇನ್ನೂರ ಹನ್ನೊಂದು... ವರದಿಯ ಪಟ್ಟಿಗಳನ್ನು ಅವಳು ಯಾವಾಗಲೂ ಕೊನೆಯ ಪುಟದಿಂದ ಹಿಂದಕ್ಕೆ ಓದುವವಳು. ಮುಂದಿನಿಂದ ಓದಿದರೆ ಕಣ್ಣು ಅರ್ಥದ ಹಿಂದೆ ಓಡಿಬಿಡುತ್ತದೆ, ತಪ್ಪು ನುಣುಚಿಕೊಳ್ಳುತ್ತದೆ. ಸಾಲಿಂದ ಸಾಲಿಗೆ ಸರಿಯುತ್ತಿದ್ದ ಸ್ಕೇಲು ಒಂದು ಫೋನ್ ನಂಬರಿನ ಕೆಳಗೆ ನಿಂತಿತು. ಬಾಯಿಪಾಠವಿದ್ದ ನಂಬರು. ತಮ್ಮನದು.

ಅದೇ ನಂಬರು ಇನ್ನೆರಡು ಕಡೆ ಸಿಕ್ಕಿತು. ಅಂಗಡಿಗೆ ಮೂರು ಬೇರೆ ಹೆಸರು, ಮೂರು 'ಜನನ'. ಹೊಸ ಉದ್ಯಮ ಶುರುವಾದರೆ ಅವರ ಕಚೇರಿಯ ಭಾಷೆಯಲ್ಲಿ ಅದು ಜನನ. ಎಲ್ಲ ವರ್ಷಗಳೂ ಒಂದೇ ಪಟ್ಟಿಯಲ್ಲಿ ಸೇರಿದ್ದು ಇದೇ ಮೊದಲು.

ಪ್ರಾದೇಶಿಕ ಅಭಿವೃದ್ಧಿ ಸಂಶೋಧನಾ ಸಂಸ್ಥೆಯ ನಿರ್ದೇಶಕಿ ಅವಳು. ಹಳೆಯ ರಿಪೇರಿ ಶೆಡ್ಡುಗಳನ್ನು ಕೆಡವಿ ಹೊಸ ಉದ್ಯಮಗಳಿಗೆ ನಾವೀನ್ಯ ಕೇಂದ್ರ ಕಟ್ಟಿದರೆ ಊರು ಬೆಳೆಯುತ್ತದೆ ಎಂದು ಹನ್ನೊಂದು ವರ್ಷದ ಹಿಂದೆ ಬರೆದವಳೂ ಅವಳೇ. ಬೆಳೆಯಿತು ಎನ್ನಲು ಈ ವರದಿಯೇ ಸಾಕ್ಷಿ. ಸಂಜೆ ಐದಕ್ಕೆ ಅವಳ ಸಹಿಯೊಡನೆ ಇಲಾಖೆ ಸೇರಿದರೆ ಇನ್ನೂ ನಾಲ್ಕು ಊರುಗಳ ಶೆಡ್ಡುಗಳು ನೆಲಸಮ.

ಬಾಗಿಲು ಹಾಕಿ ತಮ್ಮನಿಗೆ ಫೋನ್ ಮಾಡಿದಳು. ಅವನ ಹಿಂದೆ ಲೇತ್ ಯಂತ್ರ ಕರಕರ ಎನ್ನುತ್ತಿತ್ತು.

"ಅಂಗಡಿ ಬೋರ್ಡು ಯಾಕೋ ಬದಲಾಯಿಸ್ತಾ ಇರ್ತೀಯ?" ಇಷ್ಟು ದಿನ ಅದನ್ನು ಅವನ ಚಪಲವೆಂದು ನಕ್ಕು ಬಿಟ್ಟಿದ್ದಳು.

"ಇದು ನನ್ನ ಮೂರನೇ ಜನ್ಮ ಅಕ್ಕಾ! ಕೇಂದ್ರದಲ್ಲಿ ಹೊಸಬರಿಗೆ ಮಾತ್ರ ಜಾಗ, ಅದೂ ಮೂರೇ ವರ್ಷ. ಅವಧಿ ಮುಗಿದ ದಿನ ಸಾಯ್ತೀವಿ, ಮಾರನೇ ದಿನ ಹುಟ್ತೀವಿ. ನಿಮ್ಮ ಯೋಜನೇಲಿ ನಿಜವಾಗ್ಲೂ ಉದ್ಧಾರ ಆದವನು ಬೋರ್ಡ್ ಬರೆಯೋ ಪೇಂಟರ್ ಒಬ್ಬನೇ ನೋಡು."

"ನೀನೊಬ್ನೇನಾ?"

"ಇಲ್ಲಿನ ಇಡೀ ಸಾಲು ಅಂಗಡಿಯವರೂ. ಹಳೇ ಶೆಡ್ಡು ಕೆಡವಿಸಿದ್ರಲ್ಲ, ಇನ್ನೆಲ್ಲಿಗೆ ಹೋಗೋಣ?" ಅವನ ದನಿ ತಗ್ಗಿತು. "ಅಕ್ಕಾ... ಬರೆದುಗಿರೆದು ಬಿಟ್ಟೀಯ. ಎಲ್ಲರನ್ನೂ ಬೀದಿಗೆ ಹಾಕ್ತಾರೆ."

ಫೋನ್ ಇಟ್ಟು ಪಟ್ಟಿಯ ತಲೆಸಾಲು ನೋಡಿದಳು. ಸಮೀಕ್ಷೆಯ ನಮೂನೆಯಲ್ಲಿ ಜನನಕ್ಕೆ ಕಾಲಂ ಇತ್ತು, ಮರಣಕ್ಕೆ ಇರಲಿಲ್ಲ. ಆ ನಮೂನೆ ಮಾಡಿದವಳು ಅವಳು. ಮುಚ್ಚಿಟ್ಟರೆ ತಮ್ಮನಿಗಾಗಿ ಮುಚ್ಚಿಟ್ಟಳು ಎಂದಾರು. ಬಿಚ್ಚಿಟ್ಟರೆ ಒಡಹುಟ್ಟಿದವನನ್ನೇ ತಿಂದಳು ಎಂದಾರು.

ಫೋನ್ ಮತ್ತೆ ಬಡಿದುಕೊಂಡಿತು. ಇಲಾಖೆಯ ಕಾರ್ಯದರ್ಶಿ.

"ಮೇಡಂ, ಐದಕ್ಕೆ ಬರುತ್ತಲ್ವಾ? ನಾಳೆ ಬೆಳಿಗ್ಗೆ ಆ ನಾಲ್ಕೂ ಊರಿಗೆ ಅಳತೆಯವರು ಹೊರಡ್ತಿದ್ದಾರೆ."

"ಹೂಂ," ಎಂದಳು.

ಐದಕ್ಕೆ ಹತ್ತು ನಿಮಿಷವಿದ್ದಾಗ ಅಟೆಂಡರಮ್ಮ ಇಣುಕಿದಳು. "ಲಕೋಟೆ ಕೊಡ್ತೀರಾ ಮೇಡಂ?"

"ನಾನೇ ತಗೊಂಡು ಹೋಗ್ತೀನಿ. ನೀವು ಹೊರಡಿ."

ಸಹಿಯ ಜಾಗ ಖಾಲಿಯೇ ಇತ್ತು. ಅವಳು 'ಜನನ'ದ ಪಕ್ಕ ಸ್ಕೇಲು ಇಟ್ಟು ಎರಡು ಗೆರೆ ಎಳೆದಳು. ಒಂದರ ತಲೆಗೆ 'ಮರಣ', ಇನ್ನೊಂದರ ತಲೆಗೆ 'ಕಾರಣ' ಎಂದು ಬರೆದಳು. ತಮ್ಮನ ಮೊದಲ ಜನ್ಮದ ಸಾಲಿನಿಂದಲೇ ಶುರು ಮಾಡಿದಳು. ಕಾರಣದ ಕೆಳಗೆ ಬರೆದಳು: ಮೂರು ವರ್ಷದ ಅವಧಿ ಮುಗಿದದ್ದು; ಮರಳಲು ಹಳೆಯ ಶೆಡ್ಡಿಲ್ಲ, ಕೆಡವಿದ್ದು ನನ್ನ ಶಿಫಾರಸಿನ ಮೇಲೆ.

ಮೇಜಿನ ಮೇಲೆ ತಮ್ಮನ ಕರೆ ಮಿನುಗಿತು. ಅವಳು ಎತ್ತಲಿಲ್ಲ. ಸ್ಕೇಲನ್ನು ಮುಂದಿನ ಸಾಲಿಗೆ ಸರಿಸಿದಳು.