ನೀಲಿ ಸ್ಟ್ರಿಪ್, ಬಿಳಿ ಸ್ಟ್ರಿಪ್

ಸುಹೈಲಾ ಪೆಟ್ಟಿಗೆ ಹಿಡಿದುಕೊಂಡು ದೇರೆಬೈಲಿನ ಆ ಆಫೀಸಿನ ಮೆಟ್ಟಿಲು ಹತ್ತಿದ್ದು ಅದು ಮೂರನೇ ಸಲ. ಕಾಟಿಪಳ್ಳದಲ್ಲಿ ತನ್ನ ಮನೆಯ ಕೆಳಗಿನ ಹಾಲ್‌ನಲ್ಲಿ ಒಂಬತ್ತು ಹೆಂಗಸರನ್ನು ಕೂರಿಸಿಕೊಂಡು, ಮೊಬೈಲಿನ ಮುಂದಿನ ಕ್ಯಾಮೆರಾ ಕೂರುವ ಹೆಬ್ಬೆರಳ ಉಗುರಿನಷ್ಟು ಬೋರ್ಡುಗಳನ್ನು ಅವಳು ಮಾಡಿಸುತ್ತಿದ್ದಳು. ಹಿಂದಿನ ಎರಡು ಸಲವೂ ಬೋರ್ಡುಗಳು ಫೇಲೆಂದು ವಾಪಸಾಗಿದ್ದವು. ಈ ಸಲವೂ ಹಾಗೇ ಆದರೆ ಆರ್ಡರು ಹೋಯಿತು. ಆರ್ಡರು ಹೋದರೆ ಹಾಲ್‌ಗೆ ಬೀಗ.

ಪರೀಕ್ಷೆ ಮಾಡುವವಳು ಮನ್ವಿತಾ. ಕಂಪನಿ ಅವಳ ಸೋದರಮಾವ ನಿತ್ಯಾನಂದ ಶೆಟ್ಟರದ್ದು. ಮೊಬೈಲಿನ ಹಿಂದಿನ ಕ್ಯಾಮೆರಾದ ಬೋರ್ಡನ್ನು ಅವರೇ ಮಾಡಿ, ಮುಂದಿನದ್ದನ್ನು ಸುಹೈಲಾಳಿಂದ ಕೊಂಡು, ಎರಡನ್ನೂ ಫೋನ್ ಕಂಪನಿಗೆ ಕಳಿಸುತ್ತಿದ್ದರು. ಯಾರೋ ಮಾಡಿದ ಕ್ಯಾಮೆರಾ ಯಾರದೋ ಮೊಬೈಲಿನಲ್ಲಿ ತಕರಾರಿಲ್ಲದೆ ಓಡಬೇಕೆಂದು ಈ ಉದ್ಯಮದವರೆಲ್ಲ ಸೇರಿ ಒಪ್ಪಿಕೊಂಡ ಸ್ಟಾಂಡರ್ಡ್ ಒಂದಿದೆ. ಯಾವ ತಂತಿಯ ಪಕ್ಕ ಯಾವುದು, ಎಷ್ಟು ಉದ್ದ ಹರಿದ ಮೇಲೂ ಸಿಗ್ನಲ್ ಎಷ್ಟು ಸ್ಪಷ್ಟವಾಗಿರಬೇಕು, ಎಲ್ಲ ಅದರಲ್ಲಿದೆ. ಬೋರ್ಡನ್ನು ಸ್ಟ್ರಿಪ್ಪಿಗೆ, ಅಂದರೆ ಕಾಗದದಷ್ಟು ತೆಳುವಾದ ಚಪ್ಪಟೆ ಕೇಬಲಿಗೆ ಸಿಕ್ಕಿಸಿದರೆ ಯಂತ್ರದ ಪರದೆಯಲ್ಲಿ ಕಣ್ಣಿನಂಥ ಒಂದು ಆಕಾರ ಮೂಡುತ್ತದೆ. ಕಣ್ಣು ಅಗಲವಾಗಿ ತೆರೆದರೆ ಪಾಸು, ಮುಚ್ಚಿಕೊಂಡರೆ ಫೇಲು. ಸ್ಟ್ರಿಪ್ ಉದ್ದವಾದಷ್ಟೂ ಸಿಗ್ನಲ್ ಸೊರಗಿ ಕಣ್ಣು ಕಿರಿದಾಗುತ್ತದೆ.

ಅಂದೂ ಯಂತ್ರದ ನೀಲಿ ಸ್ಟ್ರಿಪ್ಪಿಗೆ ಸಿಕ್ಕಿಸಿದಾಗ ಸುಹೈಲಾಳ ಬೋರ್ಡಿನ ಕಣ್ಣು ಮುಚ್ಚಿಕೊಂಡಿತು. ಸುಹೈಲಾ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಇನ್ನೊಂದು ಬಿಳಿ ಸ್ಟ್ರಿಪ್ಪನ್ನು ಸ್ವಲ್ಪ ಹೊತ್ತು ನೋಡಿದಳು.

"ಆ ಬಿಳಿಯದ್ದು ಯಾವುದಕ್ಕೆ ಮೇಡಂ?"

ಅದು ನಮ್ಮ ಬೋರ್ಡುಗಳಿಗೆ ಎಂದಳು ಮನ್ವಿತಾ.

"ನಿಮ್ಮ ಬೋರ್ಡನ್ನು ಒಂದ್ಸಲ ಈ ನೀಲಿಯದ್ದಕ್ಕೆ ಹಾಕಿ ನೋಡಿದ್ದುಂಟಾ?"

ಮನ್ವಿತಾ ಬಿಳಿಯದ್ದನ್ನು ಮೊಳೆಯಿಂದ ತೆಗೆದು ಮೇಜಿನ ಮೇಲಿಟ್ಟಳು. ಪೆಟ್ಟಿಗೆ ಇಲ್ಲೇ ಇರಲಿ, ವಾಪಸ್ ಒಯ್ಯಬೇಡಿ ಎಂದಷ್ಟೇ ಹೇಳಿ ಕಳಿಸಿದಳು.

ಆಮೇಲೆ ಸ್ಕೇಲು ತಂದು ಎರಡನ್ನೂ ಅಳೆದಳು. ಎರಡು ವರ್ಷದಿಂದ ದಿನವೂ ಮುಟ್ಟುತ್ತಿದ್ದ ವಸ್ತುಗಳನ್ನು ಅವಳು ಅಳೆದದ್ದು ಅದೇ ಮೊದಲು. ನೀಲಿಯದ್ದು ಸ್ಟಾಂಡರ್ಡ್ ಹೇಳಿದ್ದಕ್ಕಿಂತ ನಾಲ್ಕು ಬೆರಳು ಉದ್ದ. ಬಿಳಿಯದ್ದು ಅಷ್ಟೇ ಗಿಡ್ಡ. ಯಾರೂ ಮೋಸಕ್ಕೆಂದು ಮಾಡಿಸಿದ್ದಲ್ಲ. ಹಿಂದೊಮ್ಮೆ ಯಾರೋ ಕೆಟ್ಟ ಮಾಲು ಕೊಟ್ಟಾಗ, ಇನ್ನು ಹೊರಗಿನವರದ್ದನ್ನು ಬಿಗಿಯಾಗಿ ನೋಡುವ ಎಂದು ನೀಲಿಯದ್ದು ಬಂದಿತ್ತು. ಫೋನ್ ಕಂಪನಿಯ ಸ್ಯಾಂಪಲಿನ ಜೊತೆ ಬಂದ ಬಿಳಿಯದ್ದು ಹಾಗೇ ಉಳಿದುಕೊಂಡಿತ್ತು. ಬಂದದ್ದು ಬಂದ ಹಾಗೆ ವಾಡಿಕೆಯಾಯಿತು.

ಮಧ್ಯಾಹ್ನ ಕೂಳೂರಿನ ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಅಜ್ಜಿಯ ಹತ್ತಿರ ಮಾವನ ಕ್ಯಾಬಿನ್ನಿನಲ್ಲಿದ್ದ ಕಳಸೆಯ ಮಾತು ತೆಗೆದಳು. ಹಿತ್ತಾಳೆ ಪಟ್ಟಿ ಬಿಗಿದ ಆ ಮರದ ಅಳತೆಪಾತ್ರೆಯನ್ನು, ಅಕ್ಕಿ ಅಳೆಯುತ್ತಿದ್ದ ನಮ್ಮ ಹಿರಿಯರ ಕಾಲದ್ದು ಎಂದು ಮಾವ ಬಂದವರಿಗೆಲ್ಲ ತೋರಿಸುತ್ತಿದ್ದರು. ನಮ್ಮಲ್ಲಿ ಇದ್ದದ್ದು ಅದೊಂದೆಯಾ ಎಂದು ಕೇಳಿದಳು.

ಮಾವನ ಅಮ್ಮ, ರತ್ನಾವತಿ ಅಜ್ಜಿ, ಸಾರು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟರು.

"ಅದು ನಾವು ಅಳೆದು ಕೊಡುವ ಕಳಸೆ. ಒಕ್ಕಲುಗಳಿಂದ ಗೇಣಿ ಅಕ್ಕಿ ತೆಗೆದುಕೊಳ್ಳುವ ಕಳಸೆ ಬೇರೆ ಇತ್ತು. ಒಂದೂವರೆ ಸೇರು ಹೆಚ್ಚು ಹಿಡೀತಿತ್ತು."

"ಗೊತ್ತಿದ್ದವರು ಯಾರೂ ಕೇಳ್ಲಿಲ್ವಾ ಅಜ್ಜಿ?"

"ಗೊತ್ತಿದ್ದವಳು ನಾನೇ ಅಲ್ವಾ ಮಗಾ. ನಿಂತು ಅಳೆಸಿದವಳೂ ನಾನೇ." ಸೌಟನ್ನು ಮತ್ತೆ ಎತ್ತಿಕೊಂಡರು. "ಕೇಳ್ಲಿಲ್ಲ. ಕಾನೂನು ಬಂದು ಭೂಮಿ ಒಕ್ಕಲುಗಳಿಗೆ ಹೋದ ಮೇಲೆ ಅದನ್ನು ಒಲೆಗೆ ಹಾಕಿದ್ದು. ಚಂದ ಉರೀತು."

ಸ್ಟಾಂಡರ್ಡ್ ಹೇಳಿದ ಉದ್ದಕ್ಕೇ ಸರಿಯಾಗಿ ಒಂದು ಸ್ಟ್ರಿಪ್ ಮಾಡಿಸಿ ತರಿಸಲು ಮನ್ವಿತಾಳಿಗೆ ಆರು ದಿನ ಬೇಕಾಯಿತು. ಆರು ದಿನವೂ ಅವಳು ಒಂದೇ ಒಂದು ರಿಪೋರ್ಟಿಗೆ ಸಹಿ ಹಾಕಲಿಲ್ಲ. ಹೊಸ ಸ್ಟ್ರಿಪ್ ಬಂದ ದಿನ ಸುಹೈಲಾಳ ಇನ್ನೂರು ಬೋರ್ಡುಗಳಲ್ಲಿ ಹನ್ನೊಂದು ಮಾತ್ರ ಫೇಲಾದವು. ಆಮೇಲೆ ಮನ್ವಿತಾ ತಮ್ಮ ಕಂಪನಿಯದೇ ಹತ್ತು ಬೋರ್ಡುಗಳನ್ನು ಅದಕ್ಕೇ ಸಿಕ್ಕಿಸಿದಳು. ಏಳರ ಕಣ್ಣು ತೆರೆಯಲಿಲ್ಲ. ಮೊದಲಿನಿಂದ ಮತ್ತೆ ನೋಡಿದಳು. ಏಳೇ.

ನಿತ್ಯಾನಂದ ಶೆಟ್ಟರು ರಿಪೋರ್ಟನ್ನು ಓದಿ ಕನ್ನಡಕ ತೆಗೆದಿಟ್ಟರು. ಸೋಮವಾರ ಮಾಲು ಹೋಗಬೇಕಿತ್ತು.

"ನೋಡು ಮನ್ವಿತಾ, ನಮ್ಮ ಬೋರ್ಡು ಹೋಗುವ ಫೋನಿನ ಒಳಗೆ ಇರುವುದು ಗಿಡ್ಡ ಸ್ಟ್ರಿಪ್ಪೇ. ಅಲ್ಲಿ ಓಡ್ತದೆ. ಮತ್ತೆ ನಿನಗೆಂತ ಆಗ್ಬೇಕು?"

"ಸುಹೈಲಾನ ಬೋರ್ಡು ಹೋಗುವುದೂ ಅದೇ ಫೋನಿಗೆ ಅಲ್ವಾ ಮಾವ? ಅವಳದ್ದಕ್ಕೆ ಯಾಕೆ ಉದ್ದದ್ದು?"

ಶೆಟ್ಟರು ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸಿದರು. ಅವಳು ಆತುರಪಡದೆ ಮುಂದುವರಿಸಿದಳು. ಕಾಗದದಲ್ಲಿ ನಾವು ಬರೆಯುವುದು ಆ ಫೋನಿನಲ್ಲಿ ಓಡುತ್ತದೆ ಎಂದಲ್ಲ, ಸ್ಟಾಂಡರ್ಡ್ ಪ್ರಕಾರ ಪಾಸ್ ಎಂದು. ನಾಳೆ ಬೇರೆಯವರು ಆ ಕಾಗದ ನಂಬಿ ತಮ್ಮ ಫೋನಿಗೆ ಹಾಕುತ್ತಾರೆ, ಅದರ ಸ್ಟ್ರಿಪ್ ಎಷ್ಟುದ್ದವೋ ಯಾರಿಗೆ ಗೊತ್ತು. ಕೆಳಗಿರುವ ಸಹಿ ನನ್ನದು.

"ಹಾಗಾದ್ರೆ ನಾನೇ ಸಹಿ ಹಾಕ್ತೇನೆ," ಎಂದರು ಶೆಟ್ಟರು.

"ಹಾಕಿ ಮಾವ. ಆದ್ರೆ ಫಾರ್ಮಿನಲ್ಲಿ ಹೊಸದೊಂದು ಸಾಲು ಸೇರಿಸಿದ್ದೇನೆ, ಸ್ಟ್ರಿಪ್ಪಿನ ಉದ್ದ ಎಷ್ಟು ಅಂತ. ಬಿಳಿಯದ್ದಕ್ಕೆ ಹಾಕಿದ್ರೆ ಬಿಳಿಯದ್ದರ ಉದ್ದ ಬರೀಬೇಕು. ಆ ಸಾಲನ್ನು ನಾನು ತೆಗೆಯೂದಿಲ್ಲ."

ಹೊರಗೆ ಬಸ್ಸೊಂದು ಹಾರ್ನ್ ಒತ್ತುತ್ತ ಹೋಯಿತು. ಶೆಟ್ಟರು ಆ ಸಾಲಿನ ಖಾಲಿ ಜಾಗವನ್ನು ನೋಡುತ್ತ ಕೂತರು. ಈ ಹುಡುಗಿಯನ್ನು ಓದಿಸಿದವರು, ಕರೆತಂದು ಈ ಕುರ್ಚಿಯಲ್ಲಿ ಕೂರಿಸಿದವರು ಅವರೇ. ತಮ್ಮ ನಂತರ ಕಂಪನಿ ಇವಳಿಗೇ ಎಂದು ಅಕ್ಕನಿಗೆ ಮಾತು ಕೊಟ್ಟವರೂ ಅವರೇ. ಅವರ ಕಣ್ಣು ಕ್ಯಾಬಿನ್ನಿನ ಕಳಸೆಯತ್ತ ಹೋಯಿತು.

"ಅಮ್ಮ ಹೇಳಿದ್ದಾ ನಿನಗೆ, ಆ ಇನ್ನೊಂದು ಕಳಸೆಯ ವಿಷಯ?"

"ಹೌದು."

"ನನಗೆ ಒಮ್ಮೆಯೂ ಹೇಳಿದವರಲ್ಲ. ಸಣ್ಣವನಿದ್ದಾಗ ಅದು ಒಲೆಯಲ್ಲಿ ಉರಿದ ಹೊಗೆ ನೋಡಿದ್ದು ಮಾತ್ರ ನೆನಪುಂಟು." ಅವರು ಕನ್ನಡಕ ಹಾಕಿಕೊಂಡರು. "ನಮ್ಮ ಬೋರ್ಡು ಸರಿ ಮಾಡ್ಲಿಕ್ಕೆ ಎಷ್ಟು ದಿನ ಬೇಕು ನಿನಗೆ?"

"ಹದಿನೈದು."

"ಹತ್ತು," ಎಂದು ಶೆಟ್ಟರು ಫೋನೆತ್ತಿಕೊಂಡರು. ನಂಬರು ಒತ್ತುತ್ತ, ಇಂಥ ಸೊಸೆ ಇದ್ದರೆ ಹೊರಗಿನ ಶತ್ರು ಬೇಡ ಮಾರಾಯ್ತಿ ಎಂದು ಗೊಣಗಿದರು. ಫೋನ್ ಕಂಪನಿಯವರು ಎತ್ತಿದಾಗ ದನಿ ಬದಲಿಸಿ, ಮಾಲು ಹತ್ತು ದಿನ ತಡವಾಗುತ್ತದೆ, ತಪ್ಪು ನಮ್ಮ ಬೋರ್ಡಿನದ್ದೇ, ಮುಂದಿನ ಕ್ಯಾಮೆರಾದ್ದು ಮಾತ್ರ ತಯಾರುಂಟು ಎಂದು ಒಂದೂ ಬಿಡದೆ ಹೇಳಿದರು.

ಮನ್ವಿತಾ ತನ್ನ ಮೇಜಿಗೆ ಬಂದು ಸುಹೈಲಾಳಿಗೆ ಫೋನ್ ಮಾಡಿದಳು. ನೂರ ಎಂಬತ್ತೊಂಬತ್ತು ಪಾಸು ಎಂದಳು. ಸುಹೈಲಾ, ಆ ಹನ್ನೊಂದರಲ್ಲಿ ಎಂತ ತಪ್ಪುಂಟು, ಹೊಸ ಸ್ಟ್ರಿಪ್ಪಿನ ಉದ್ದ ಎಷ್ಟು ಎಂದು ಒಟ್ಟಿಗೇ ಕೇಳಿದಳು. ತಾನೂ ಒಂದು ಮಾಡಿಸಿಟ್ಟುಕೊಳ್ಳುತ್ತಾಳಂತೆ. ಇನ್ನು ಮುಂದೆ ಅಲ್ಲೇ ನೋಡಿ ಕಳಿಸುವುದಂತೆ. ಮನ್ವಿತಾ ಉದ್ದ ಹೇಳಿದಳು. ಸುಹೈಲಾ ಬರೆದುಕೊಂಡು, ಸರಿಯಾ ಎಂದು ಇನ್ನೊಮ್ಮೆ ಓದಿ ಹೇಳಿದಳು.

ಗೋಡೆಯ ಮೊಳೆಯಲ್ಲಿ ಈಗ ಹೊಸ ಸ್ಟ್ರಿಪ್ ಒಂದೇ ಇತ್ತು, ನೀಲಿಯೂ ಇಲ್ಲ, ಬಿಳಿಯೂ ಇಲ್ಲ. ಮನ್ವಿತಾ ತಮ್ಮ ಬೋರ್ಡಿನ ನಕ್ಷೆಯನ್ನು ಪರದೆಯ ಮೇಲೆ ತೆರೆದಳು. ಒಂದೇ ಉದ್ದ ಇರಬೇಕಾದ ಜೋಡಿ ತಂತಿಗಳಲ್ಲಿ ಒಂದು ನೇರ ಹೋಗಿ, ಇನ್ನೊಂದು ಸ್ಕ್ರೂ ತೂತನ್ನು ಸುತ್ತಿ ಬರುತ್ತಿತ್ತು. ತಿದ್ದಲು ಮೊದಲು ಅದನ್ನೇ ಹಿಡಿದಳು.